ಟೈರಿನ ಮೇಲಿನ ಕೀಲಿ

ಮಾರ್ಚ್ ಹನ್ನೊಂದು, ಮಂಗಳವಾರ. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಟ್ಯಾಕ್ಸಿ ಚಾಲಕನೊಬ್ಬ ಠಾಣೆಗೆ ಬಂದ.

“ಸಾರ್, ನನ್ ಗಾಡಿ ಕದೀತಿದಾರೆ.”

ಇನ್ಸ್‌ಪೆಕ್ಟರು ತಲೆಯೆತ್ತಿದರು. “ಈಗೆಲ್ಲಿದೆ?”

“ಸ್ಟ್ಯಾಂಡಲ್ಲೇ ಇದೆ. ಪ್ರತಿ ಮಂಗಳವಾರ ತಗೊಂಡ್ಹೋಗಿ, ಗಾಜು ಒರೆಸಿ ತಂದು ನಿಲ್ಲಿಸ್ತಾನೆ.”

“ನಮ್ ಜೀಪಿಗೂ ಇಂಥ ಕಳ್ಳ ಒಬ್ಬ ಸಿಗಬಾರದೇ!” ಎಂದು ಹೆಡ್ ಕಾನ್‌ಸ್ಟೆಬಲ್ ನಕ್ಕ.

ಎಫ್‌ಐಆರ್ ಆಯಿತು, ಸ್ಟ್ಯಾಂಡಿನಲ್ಲಿ ಪಂಚನಾಮೆಯೂ ಆಯಿತು. ಆ ಗಾಡಿಗೆ ಇಬ್ಬರು ಚಾಲಕರು. ಬೆಳಗಿನವನು ಹತ್ತಕ್ಕೆ ಕೀಲಿಯನ್ನು ಎಡಗಡೆ ಮುಂದಿನ ಟೈರಿನ ಮೇಲಿಟ್ಟು ಹೋಗುವುದು, ಮಧ್ಯಾಹ್ನದವನು ಒಂದಕ್ಕೆ ಬಂದು ತೆಗೆದುಕೊಳ್ಳುವುದು ಸ್ಟ್ಯಾಂಡಿನ ಹಳೆಯ ಪದ್ಧತಿ. ಆ ನಡುವೆ ಗಾಡಿ ಹದಿನಾಲ್ಕು ಕಿಲೋಮೀಟರ್ ಓಡಿತ್ತು. ಮೀಟರೂ ಹಾಕಿತ್ತು.

“ಕದ್ದ ಗಾಡಿಗೆ ಯಾರಾದ್ರೂ ಮೀಟರ್ ಹಾಕ್ತಾರಾ ಸಾರ್?” ಎಂದ ಹೆಡ್ ಕಾನ್‌ಸ್ಟೆಬಲ್.

“ಹುಟ್ಟುಗುಣ ಸುಟ್ಟರೂ ಹೋಗಲ್ಲ. ಕೈಯ ರೂಢಿನೂ ಹಾಗೇ. ಇವನು ಹಳೇ ಡ್ರೈವರ್ರು.”

ಮುಂದಿನ ಮಂಗಳವಾರ ಹತ್ತೂಕಾಲಿಗೆ ಮುದುಕನೊಬ್ಬ ಬಂದು ಟೈರಿನ ಮೇಲೆ ಕೈಯಾಡಿಸಿದ. ಗಾಜನ್ನು ಮೂರು ಸಲ ಒರೆಸಿದ. ಪಕ್ಕದ ಗಲ್ಲಿಯಲ್ಲಿ ಕಾಲಿಗೆ ಕಟ್ಟು ಕಟ್ಟಿಕೊಂಡಿದ್ದ ಮುದುಕಿಯನ್ನು ಹತ್ತಿಸಿಕೊಂಡ. ಪೊಲೀಸರು ಹಿಂಬಾಲಿಸಿದರು. ಗಾಡಿ ಆಮೆಯಂತೆ ಹೋಗುತ್ತಿದ್ದರೂ ಕೆಂಪು ಬಿದ್ದಾಗ ಸಿಗ್ನಲ್ ಒಂದನ್ನೂ ದಾಟಲಿಲ್ಲ. ಮುದುಕಿ ಕಟ್ಟು ಬದಲಿಸಿಕೊಳ್ಳಲು ಆಸ್ಪತ್ರೆಯೊಳಗೆ ಹೋದ ಮೇಲೆ ಇನ್ಸ್‌ಪೆಕ್ಟರು ಬಾಗಿಲು ತೆಗೆದರು.

“ಲೈಸೆನ್ಸ್?”

“ಕಣ್ಣು ಮಂಜಾಯ್ತು ಅಂತ ರದ್ದು ಮಾಡಿದ್ರು ಸಾರ್. ಇದೇ ಸ್ಟ್ಯಾಂಡಲ್ಲಿ ಇಪ್ಪತ್ತಾರು ವರ್ಷ ದುಡಿದೋನು ನಾನು.”

“ಬಸ್ಸಲ್ಲಿ ಬರಬಹುದಿತ್ತಲ್ಲ ಯಜಮಾನ್ರೇ?”

“ಎರಡು ಬಸ್ ಬದಲಾಯಿಸ್ಬೇಕು. ಒಂದ್ಸಲ ಇಳಿಯೋವಾಗ ನನ್ ಹೆಂಡ್ತಿ ಬಿದ್ಲು. ಅದೇ ಗಾಯ ಸಾರ್, ಇನ್ನೂ ಮಾಗಿಲ್ಲ.” ಮುದುಕ ಕೈ ಮುಗಿದ. “ನನ್ ಕಣ್ಣಿನ ವಿಷಯ ಅವಳಿಗೆ ಗೊತ್ತಿಲ್ಲ. ದೇವರಾಣೆ, ಹೇಳ್ಬೇಡಿ.”

ಹನ್ನೊಂದೂ ಹತ್ತಕ್ಕೆ ಬಂಧನವಾಯಿತು. ಮುದುಕನನ್ನು ಪೇದೆಯೊಬ್ಬ ಅದೇ ಟ್ಯಾಕ್ಸಿಯಲ್ಲಿ ಠಾಣೆಗೆ ಕರೆದೊಯ್ದ. ಮುದುಕಿ ಹೊರಗೆ ಬಂದಾಗ ವಿಷಯವನ್ನು ಗಾಡಿಯ ಮಟ್ಟಿಗಷ್ಟೇ ತಿಳಿಸಿ, ಇನ್ಸ್‌ಪೆಕ್ಟರು ಆಕೆಯನ್ನು ಜೀಪಿನಲ್ಲಿ ಮನೆಗೆ ಕರೆದೊಯ್ದರು. ಹೆಡ್ ಕಾನ್‌ಸ್ಟೆಬಲ್ ಓಡಿಸುತ್ತಿದ್ದ. ಮೊದಲ ಸಿಗ್ನಲ್ ಬಂತು.

“ಅಯ್ಯೋ, ಕೆಂಪು ಬಿತ್ತಲ್ಲಪ್ಪಾ,” ಎಂದಳು ಮುದುಕಿ.

“ಕಾಣ್ತಿದೆ ಅಮ್ಮಾ.”

“ನಿನಗೆ ಕಾಣುತ್ತೆ.” ಮುದುಕಿ ಇನ್ಸ್‌ಪೆಕ್ಟರ ಕಡೆ ತಿರುಗಿದಳು. “ಅವರಿಗೆ ಕೆಂಪು ಬಿದ್ದಾಗೆಲ್ಲ ನಾನೇ ಹೇಳ್ತಿದ್ದೆ, ಹೊತ್ತಾಯ್ತು ಅಂತ ಗೊಣಗೋ ಹಾಗೆ. ನನಗೆ ಗೊತ್ತು ಅಂತ ಅವರಿಗೆ ಹೇಳ್ಬೇಡಿ ಸಾರ್. ನೊಂದ್ಕೋತಾರೆ.”

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವನ್ನು ‘ಹೆಂಡತಿಯ ಚಿಕಿತ್ಸೆ’ ಎಂದು ನಮೂದಿಸಲಾಯಿತು. ಮುದುಕಿಯ ಹೇಳಿಕೆಯಲ್ಲಿ ಸಿಗ್ನಲ್ಲಿನ ಮಾತು ಬರಲಿಲ್ಲ.