ಉಂಗುರದ ಬೆರಳು

"ಕೈ ಅಲ್ಲಾಡಿಸ್ಬೇಡಿ." ನಾನು ಅವನಿಗೆ ಹೇಳಿದ ಮೊದಲ ಮಾತೇ ಗದರಿಕೆ.

"ಹಿಡ್ಕೊಂಡಿರೋರು ನೀವು. ನಡುಗಿದ್ರೆ ತಪ್ಪು ನಂದಾ?" ಎಂದ.

ಟೀವಿ ಇನ್ನೂ ಕಪ್ಪು-ಬಿಳುಪಾಗಿದ್ದ ಆ ಕಾಲಕ್ಕಾಗಲೇ ಚಂದ್ರನ ಮೇಲೆ ಠಾಣೆಗಳು ಎದ್ದಿದ್ದವು. ಅಲ್ಲಿಗೆ ಹೋಗುವವರ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ನನ್ನದು ಕೈಗವಸಿನ ಮೇಜು. ಅವನು ವೆಲ್ಡರ್, ಠಾಣೆಯ ಗೋಡೆಗಳನ್ನು ಬೆಸೆಯಲು ಹೊರಟವನು. ಅಳತೆಗೆ ಒಂದು ಸಲ ಬಂದರೆ ಸಾಕಿತ್ತು. ಹೆಬ್ಬೆರಳು ಬಿಗಿ ಎಂದು ಮತ್ತೆ ಬಂದ, ಕಿರುಬೆರಳು ಸಡಿಲ ಎಂದು ಇನ್ನೊಮ್ಮೆ ಬಂದ. ಕೊನೆಗೆ ನೆಪವನ್ನೂ ಹೇಳದೆ ಕೈ ಚಾಚಿ, ನನ್ನ ಮುಖವನ್ನೇ ನೋಡುತ್ತ ಕುಳಿತುಬಿಟ್ಟ. ನನಗೆ ನಗು ತಡೆಯಲಾಗದೆ ಟೇಪು ಕೈಜಾರಿತು. ಅಂದಿನಿಂದ ನನ್ನನ್ನು 'ಸೂಜಿ' ಎಂದು ಕರೆಯತೊಡಗಿದ.

ಹೊರಡುವ ಮುನ್ನ ಕಾರ್ಖಾನೆಯ ಗೇಟಿನಲ್ಲಿ ನಿಂತು, ಕಾಯುತ್ತೀಯಾ ಎಂದು ಕೇಳಿದ. ಬಂದ ಕೂಡಲೇ ಮದುವೆ ಎಂದ. ನಾನು ಹೂಂ ಎಂದೆ. ನಮ್ಮಕ್ಕನಿಗೆ ಮಾತ್ರ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

"ಚಂದ್ರನ್ನ ತೋರ್ಸಿ ಮಕ್ಕಳಿಗೆ ಊಟ ಮಾಡಿಸ್ತಾರೆ. ನಿನಗೂ ಅವನು ಅದನ್ನೇ ಮಾಡ್ತಿದಾನೆ ಕಣೇ," ಎಂದಳು.

ಚಂದ್ರನ ಮೇಲಿದ್ದವರೊಡನೆ ರೇಡಿಯೋದಲ್ಲಿ ಮಾತಾಡಲು ಹೆತ್ತವರಿಗೆ, ಹೆಂಡತಿ ಮಕ್ಕಳಿಗೆ ಮಾತ್ರ ಬಿಡುತ್ತಿದ್ದರು. ಕಾದು ಕುಳಿತವಳು ಯಾವ ಲೆಕ್ಕಕ್ಕೂ ಇಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಅವನ ಕೈಗವಸು. ಚಂದ್ರನ ಧೂಳು ಗಾಜಿನ ಪುಡಿಯ ಹಾಗೆ, ಎಂಥ ಬಟ್ಟೆಯನ್ನೂ ತಿಂದುಹಾಕುತ್ತದೆ. ಸಾಮಾನು ಇಳಿಸಿ ಮರಳುವ ನೌಕೆ ಸವೆದ ಗವಸುಗಳನ್ನು ತರುತ್ತಿತ್ತು. ಅಳತೆ ತೆಗೆದವರೇ ರಿಪೇರಿ ಮಾಡಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಅವಕ್ಕೆ ಬಂದೂಕಿನ ಮದ್ದು ಸುಟ್ಟ ವಾಸನೆ. ನಾನು ಒಳಗೆ ಕೈ ತೂರಿಸಿ ಸುಮ್ಮನೆ ಕುಳಿತಿರುತ್ತಿದ್ದೆ. ಬೆರಳತುದಿ ಸವೆದಿದ್ದರೆ ಕೆಲಸ ಜಾಸ್ತಿ, ಅಂಗೈ ಸವೆದಿದ್ದರೆ ಪುಣ್ಯಾತ್ಮ ಎಲ್ಲೋ ಮುಗ್ಗರಿಸಿದ್ದಾನೆ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಕಟಿಂಗ್ ಮಾಸ್ಟರು ಅವನ ಗವಸನ್ನು ಮೇಜಿನ ಮೇಲಿಟ್ಟು, ಎಡಗೈಯ ಉಂಗುರದ ಬೆರಳನ್ನು ಸ್ವಲ್ಪ ಸಡಿಲ ಮಾಡಬೇಕಂತೆ ಎಂದರು. ಯಾಕೆ ಎಂದು ಕೇಳಿದೆ.

"ಉಂಗುರ ಹಾಕ್ಕೊಂಡಿದಾನಂತೆ. ತಗಡಲ್ಲಿ ತಾನೇ ಮಾಡ್ಕೊಂಡನಂತೆ."

ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ರೇಡಿಯೋದಲ್ಲಿ ಹೇಳಲಾಗದ್ದನ್ನು ಬೆರಳಲ್ಲಿ ಹೇಳಿ ಕಳಿಸಿದ್ದಾನೆ ಎಂದೇ ನಂಬಿದೆ. ಆ ಬೆರಳಿಗೆ ಮೆತ್ತನೆಯ ಒಳಪದರ ಕೊಟ್ಟೆ. ನಿಯಮ ಮೀರಿ, ಒಳಗೆ ಯಾರಿಗೂ ಕಾಣದ ಕಡೆ ನೀಲಿ ದಾರದಲ್ಲಿ ಒಂದು ಪುಟ್ಟ ಸೂಜಿ ಬಿಡಿಸಿದೆ. ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳೂ ಕರಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮುಂದಿನ ನೌಕೆ ಬಂದಾಗ ಪಕ್ಕದ ಮೇಜಿನವಳು ಹೆರಿಗೆಗೆ ಹೋಗಿದ್ದಳು. ಅವಳ ಪಾಲಿನದೂ ನನ್ನ ಮೇಜಿಗೇ ಬಂತು. ಅದರಲ್ಲಿ ಒಂದು ಜೊತೆ ಚಿಕ್ಕ ಗವಸು, ಠಾಣೆಯ ಡಾಕ್ಟರಮ್ಮನದು. ಇದರದೂ ಎಡಗೈ ಉಂಗುರದ ಬೆರಳು ಸಡಿಲ ಮಾಡಬೇಕು ಎಂದರು ಮಾಸ್ಟರು.

"ಇಬ್ಬರೂ ಅಲ್ಲೇ ಮದ್ವೆ ಮಾಡ್ಕೊಂಡ್ರಂತೆ. ಡಾಕ್ಟರಮ್ಮ, ಆ ನಿನ್ನ ವೆಲ್ಡರು. ನಿನಗೆ ಗೊತ್ತಿರುತ್ತೆ ಅನ್ಕೊಂಡೆ."

ಗೊತ್ತಿರಲಿಲ್ಲ ಎಂದೆ. ಬೀದಿಗೆಲ್ಲ ಹಂಚಿದ ಸುದ್ದಿಯನ್ನು ಅಕ್ಕ ಈಗ ಯಾವ ಮುಖ ಹೊತ್ತು ವಾಪಸು ತರಬೇಕು ಎಂಬುದು ತಲೆಗೆ ಬಂದ ಮೊದಲ ಯೋಚನೆ. ಅಳು ಆಮೇಲೆ ಬಂತು.

ಡಾಕ್ಟರಮ್ಮನ ಗವಸಿನ ಆ ಬೆರಳಿನಲ್ಲಿ ಒಂದು ಹೊಲಿಗೆ ಬಿಟ್ಟರೆ ಸಾಕು, ಮೇಲೆ ಗಾಳಿ ಸೋರಿ ಜೀವ ಹೋಗುತ್ತದೆ. ಅದು ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಚಿಕ್ಕ ಗವಸನ್ನು ಎರಡು ಸಲ ಹೊಲಿದೆ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿ ಕಳಿಸಿದೆ. ಅವಳು ನನಗೇನು ಮಾಡಿದ್ದಳು?

ಅವಧಿ ಮುಗಿಸಿ ಅವನು ಬಂದ. ತಿರುಗಿ ಹೋಗಬೇಕು, ಕೈ ಸೊರಗಿದೆ, ಹೊಸ ಅಳತೆ ಬೇಕು. ಪದ್ಧತಿಯಂತೆ ನನ್ನ ಮೇಜಿಗೇ ಬರಬೇಕಾಯಿತು.

"ನೀಲಿ ದಾರ ಕೈಗೆ ಸಿಕ್ತು," ಎಂದ ತಲೆತಗ್ಗಿಸಿ. "ಅವತ್ತೇ ಹೇಳ್ಬೇಕಿತ್ತು ನಿಮಗೆ."

'ನಿಮಗೆ' ಎಂದದ್ದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಹೇಗೆ ಹೇಳ್ತೀರಿ? ರೇಡಿಯೋ ಹೆಂಡತಿಯರಿಗಲ್ವಾ," ಎಂದೆ.

ಅವನು ಕೈ ಚಾಚಿದ. ಬೆರಳಲ್ಲಿ ಅದೇ ತಗಡಿನ ಉಂಗುರ. ತೆಗೀಲಾ ಎಂದು ಮೆಲ್ಲಗೆ ಕೇಳಿದ. ಬೇಡ, ಅಳತೆ ತಪ್ಪುತ್ತೆ ಎಂದೆ. ಇಷ್ಟಾದರೂ ನನಗೆ ಅವನೇ ಬೇಕಾಗಿದ್ದ. ಆ ಬೆರಳಿಗೆ ಟೇಪು ಸುತ್ತಿದೆ. ಜಾರಿತು. ಮತ್ತೆ ಸುತ್ತಿದೆ.

"ಕೈ ಅಲ್ಲಾಡಿಸ್ಬೇಡಿ," ಎಂದು ಗದರಿದೆ.

ಅವನ ಕೈ ಮೇಜಿನ ಮೇಲೆ ನಿಶ್ಚಲವಾಗಿ ಕುಳಿತಿತ್ತು.