ಆರನೆಯವನು

ಅಲ್ಲಿದ್ದದ್ದು ಐದು ಜನ. ನಾನು ಆರು ಎಂದು ಎಣಿಸಿದೆ. ನಮ್ಮ ಕಾಲೇಜು ಸೋತದ್ದು ಅಷ್ಟಕ್ಕೇ.

ಹೇಳುವುದಕ್ಕೆ ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಹತ್ತೊಂಬತ್ತು ದಿನ ಬೇಕಾಯಿತು.

ತಿಪಟೂರಿನ ನಮ್ಮ ಕಾಲೇಜಿಗೂ ತುರುವೇಕೆರೆಯವರ ಕಾಲೇಜಿಗೂ ವರ್ಷಕ್ಕೊಂದು ಕಬಡ್ಡಿ ಮ್ಯಾಚು. ಬೇರೆ ಎಲ್ಲಿ ಗೆದ್ದು ಬಂದರೂ ಯಾರೂ ಕೇಳುವುದಿಲ್ಲ. ಈ ಒಂದರಲ್ಲಿ ಸೋತರೆ ಮಾತ್ರ ಕ್ಯಾಂಟೀನಿನವನೂ ಟೀ ಕೊಡುವಾಗ ಮುಖ ನೋಡುವುದಿಲ್ಲ. ನಾವು ಮೂರು ವರ್ಷದಿಂದ ಸೋಲುತ್ತಲೇ ಇದ್ದೆವು.

ನಾನು ಭವ್ಯಶ್ರೀ. ಹಾಲ್ಕುರಿಕೆಯವಳು, ಬಿ.ಕಾಂ. ಕೊನೆಯ ವರ್ಷ. ಆಡುವವಳಲ್ಲ, ಕೂಗುವವಳು. ತೋಟದಲ್ಲಿ ಕಾಯಿ ಕೆಡವಿದ ದಿನ ರಾಶಿ ಎಣಿಸಲು ಅಪ್ಪ ನನ್ನನ್ನೇ ಕರೆಯುತ್ತಾರೆ. ಎರಡು ಸಾವಿರ ಕಾಯಿ ಎಣಿಸಿದರೂ ಒಂದು ಆಚೀಚೆ ಆಗುವುದಿಲ್ಲ. ಈ ಹೆಸರು ಕಾಲೇಜಿಗೂ ಮುಟ್ಟಿ, ನಮ್ಮ ಹುಡುಗರು ನನ್ನನ್ನು ಅಂಕಣದ ಗೆರೆಯ ಪಕ್ಕದಲ್ಲೇ ನಿಲ್ಲಿಸಿದರು.

ಯಾಕೆಂದರೆ ರೈಡಿಗೆ ಹೋದವನು ಎದುರಿನವರ ಕೈಕಾಲು ನೋಡಿಕೊಳ್ಳಬೇಕು, ತಲೆ ಎಣಿಸಲು ಪುರಸೊತ್ತಿರುವುದಿಲ್ಲ. ಎಣಿಸುವುದು ನನ್ನ ಕೆಲಸ. ಎದುರಿಗೆ ಆರು ಜನರಾದರೂ ಇದ್ದರೆ "ಬೋನಸ್" ಎಂದು ಕೂಗಬೇಕು. ಆಗ ಹಿಂದಿರುವ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಒಂದು ಪಾಯಿಂಟ್ ಬರುತ್ತದೆ. ಐದೇ ಜನರಿದ್ದರೆ ದಾಟಿದರೂ ಸೊನ್ನೆ. ಸುಮ್ಮನೆ ಅಷ್ಟು ಒಳಗೆ ಹೋಗಿ ಸಿಕ್ಕಿಬೀಳುವುದಷ್ಟೇ.

ನಮ್ಮ ರೈಡರ್ ಸೂರ್ಯಪ್ರಕಾಶ್ ಕಂದಿಕೆರೆಯ ಹುಡುಗ, ನನಗಿಂತ ಒಂದು ವರ್ಷ ಚಿಕ್ಕವನು. "ನೀವು ಕೂಗಿ ಅಕ್ಕ, ಮಿಕ್ಕಿದ್ದು ನಾನು ನೋಡ್ಕತೀನಿ" ಎನ್ನುತ್ತಿದ್ದ.

ಇನ್ನು ತಿಮ್ಮರಾಜು.

ಅವನು ತುರುವೇಕೆರೆಯವರ ಕಡೆಯ ಗಲಾಟೆಗೆಲ್ಲ ಯಜಮಾನ. ಸಂಪಿಗೆ ಎಂಬ ಊರಿನವನು. ತನ್ನ ತಂಡದ ಹಸಿರು ಜೆರ್ಸಿ ಹಾಕಿಕೊಂಡು, ತಮಟೆಯವರ ಮುಂದೆ ನಿಂತು ಇಡೀ ಮೈದಾನವನ್ನು ಕುಣಿಸುವವನು. ಕಳೆದ ವರ್ಷ ತಿಪಟೂರಿನಲ್ಲಿ ನಾವು ಸೋತಾಗ ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅಳುತ್ತಿದ್ದೆ. ಯಾರೋ ಪಕ್ಕದಲ್ಲಿ ಒಂದು ಎಳನೀರು ತಂದಿಟ್ಟರು.

"ಅಳೋದಾದ್ರೆ ಪೂರ್ತಿ ಅತ್ತುಬುಡಿ ಕಣ್ರೀ. ಆಮೇಲೆ ಕುಡೀರಿ."

ಹಸಿರು ಜೆರ್ಸಿ ನೋಡಿ ಮೈ ಉರಿಯಿತು. "ಯಾರ ತೋಟದ್ದು?" ಎಂದೆ.

"ಯಾಕೆ?"

"ಕೊಬ್ರಿಗೆ ಬಿಡೋ ಕಾಯ್ನ ಎಳನೀರಿಗೆ ಕಿತ್ತೋರ್ನ ನಮ್ಮಪ್ಪ ಹಟ್ಟಿಗೂ ಸೇರ್ಸಲ್ಲ."

ಅವನು ಎಳನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ನಮ್ಮ ತೋಟದ್ದಲ್ಲ ಬುಡಿ. ನಿಮ್ಮಪ್ಪಂಗೂ ಅದೇ ಹೇಳಿ."

ನಮ್ಮಪ್ಪನಿಗೆ ಇವನ ವಿಷಯ ನಾನು ಯಾಕೆ ಹೇಳಬೇಕು ಎಂದು ಆ ಸಂಜೆಯೆಲ್ಲ ಸಿಟ್ಟು ಮಾಡಿಕೊಂಡೆ. ಸಿಟ್ಟು ಇಳಿಯುವ ಹೊತ್ತಿಗೆ ಫೋನಿನಲ್ಲಿ ಅವನ ನಂಬರು "ಆಪೋಸಿಟ್ ಪಾರ್ಟಿ" ಎಂಬ ಹೆಸರಿನಲ್ಲಿ ಸೇವ್ ಆಗಿತ್ತು.

ಒಂದು ವರ್ಷ ಮೆಸೇಜಿನಲ್ಲೇ ಜಗಳವಾಡಿದೆವು. ಬೆಳಿಗ್ಗೆ ಅವನ ಗುಡ್ ಮಾರ್ನಿಂಗ್ ಐದು ನಿಮಿಷ ತಡವಾದರೆ ನಾನು ಅಮ್ಮನ ಮೇಲೆ ರೇಗುತ್ತಿದ್ದೆ. ಈ ಸಲದ ಮ್ಯಾಚಿಗೆ ಒಂದು ವಾರ ಇರುವಾಗ ಅವನು ಫೋನ್ ಮಾಡಿದ.

"ನಾವು ಗೆದ್ರೆ ನಿಮ್ಮನ್ನ ಒಂದು ಮಾತು ಕೇಳ್ತೀನಿ. ಇಲ್ಲ ಅನ್ನಂಗಿಲ್ಲ."

"ನಾವು ಗೆದ್ರೆ?"

"ಆಗ ನೀವು ಕೇಳಿ. ನಾನು ಇಲ್ಲ ಅನ್ನಲ್ಲ."

"ನಮ್ಮ ಸೂರ್ಯ ಇರೋವಾಗ ನೀವು ಗೆಲ್ಲೋದು ಆಗದ ಮಾತು. ಬಾಯಿ ಮುಚ್ಕೊಂಡು ಕಾಯ್ತಿರಿ."

"ಕಾಯ್ತಾನೇ ಇದೀನಲ್ರೀ" ಎಂದ. ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಯಾರು ಗೆದ್ದರೂ ಉತ್ತರ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ಮ್ಯಾಚು ಈ ಸಲ ತುರುವೇಕೆರೆಯಲ್ಲಿ. ಮೂವತ್ತೊಂದು, ಮೂವತ್ತೊಂದು. ಕೊನೆಯ ರೈಡ್ ನಮ್ಮದು. ಸೂರ್ಯ ಬರಿಗೈಲಿ ವಾಪಸ್ ಬಂದರೂ ಆಟ ಸಮವಾಗಿ ಇನ್ನೊಂದಿಷ್ಟು ಹೊತ್ತು ಸಿಗುತ್ತಿತ್ತು. ಮೈದಾನದಲ್ಲಿ ಎಂಥ ಗದ್ದಲ ಎಂದರೆ ನನ್ನ ಉಸಿರೇ ನನಗೆ ಕೇಳುತ್ತಿರಲಿಲ್ಲ. ನಾನು ಹಸಿರು ಜೆರ್ಸಿಗಳನ್ನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು.

"ಬೋನಸ್! ಸೂರ್ಯ, ಬೋನಸ್!"

ಅವನು ಕ್ಷಣ ತಡೆದ. ಆಮೇಲೆ ನುಗ್ಗಿದ. ಗೆರೆ ದಾಟಿ ಕಾಲು ಚಾಚಿದ, ಆ ಕಾಲನ್ನೇ ಇಬ್ಬರು ಹಿಡಿದರು. ರೆಫರಿ ಐದು ಬೆರಳು ತೋರಿಸಿ, ಬೋನಸ್ ಇಲ್ಲ ಎಂದು ಕೈಯಾಡಿಸಿದರು.

ಒಂದೇ ಪಾಯಿಂಟಿನಲ್ಲಿ ಹೋಯಿತು.

ನಮ್ಮ ಮ್ಯಾಚಿನಲ್ಲಿ ಒಂದು ಪದ್ಧತಿಯಿದೆ. ಎರಡೂ ಕಡೆಯ ಬೆಂಬಲಿಗರು ಒಂದೊಂದು ಕೊಬ್ಬರಿ ಹಾರ ತರುತ್ತಾರೆ. ಸೋತ ಕಡೆಯ ಮುಖಂಡರು ತಮ್ಮ ಹಾರವನ್ನು ಗೆದ್ದ ಕಡೆಯ ಮುಖಂಡರ ಕೊರಳಿಗೆ ತಮ್ಮ ಕೈಯಾರೆ ಹಾಕಬೇಕು. ಈ ವರ್ಷ ನಮ್ಮ ಕಡೆ ಹಾರ ಹೊತ್ತವಳು ನಾನು. ಅಪ್ಪ ಅಟ್ಟದ ಕೊಬ್ಬರಿಯಲ್ಲಿ ಒಡಕಿಲ್ಲದ ಗಿಟುಕುಗಳನ್ನೇ ಆರಿಸಿ ಕೊಟ್ಟಿದ್ದರು. ಇಪ್ಪತ್ತೊಂದು ಗಿಟುಕು, ನಡುನಡುವೆ ಕೆಂಪು ಉಲ್ಲನ್ ಕುಚ್ಚು. ಪೋಣಿಸುವಾಗ ಇದು ವಾಪಸ್ ನಮ್ಮ ಮನೆಗೇ ಬರುತ್ತದೆ ಎಂದು ನಂಬಿದ್ದೆ.

ತಿಮ್ಮರಾಜು ಎದುರಿಗೆ ಬಂದು ನಿಂತ. ತಮಟೆ ಜೋರಾಯಿತು, ಹುಡುಗಿ ಹುಡುಗನಿಗೆ ಹಾರ ಹಾಕುತ್ತಾಳೆಂದು ಅವರ ಕಡೆಯವರು ಶಿಳ್ಳೆ ಹೊಡೆದರು. ಅವನು ಹಿಂತಿರುಗಿ ಒಮ್ಮೆ ಕೈ ಎತ್ತಿದ. ತಮಟೆ ನಿಂತಿತು.

"ಬಗ್ಗಿ" ಎಂದೆ.

ಬಗ್ಗಿದ. ಅವನ ಕಿವಿಯ ಹಿಂದೆ ಒಂದು ಮಚ್ಚೆ ಇತ್ತು. ಒಂದು ವರ್ಷದಲ್ಲಿ ಅಷ್ಟು ಹತ್ತಿರದಿಂದ ಅವನನ್ನು ನಾನು ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ಅಲ್ಲೇ ಕುಸಿದು ಬೀಳುವಷ್ಟು ಖುಷಿಯಾಗುತ್ತಿತ್ತು. ಹಾರ ಹಾಕಿದೆ. ನನ್ನ ಕಣ್ಣೀರು ಅವನ ಹೆಗಲ ಮೇಲೆ ಬಿತ್ತು.

"ಭವ್ಯಾ..." ಎಂದ. ಕೇಳಬೇಕಾದ್ದನ್ನು ಕೇಳಲಿಲ್ಲ. ನಾನೂ ನಿಲ್ಲಲಿಲ್ಲ.

ಸೋತ ಬಸ್ಸಿನಲ್ಲಿ ಒಂದು ವಿಚಿತ್ರವಾದ ಮೌನ ಇರುತ್ತದೆ. ಬರುವಾಗ ಸೀಟಿನ ಮೇಲೆ ಹತ್ತಿ ಕುಣಿದವರು ಹೋಗುವಾಗ ಕಂಡಕ್ಟರಿಗೂ ಮರ್ಯಾದೆ ಕೊಡುತ್ತಾರೆ. ಶಿಳ್ಳೆಯ ಗಂಗರಾಜು ಮಡಿಲಲ್ಲಿ ಚುರುಮುರಿ ಪೊಟ್ಟಣ ಇಟ್ಟುಕೊಂಡು ತಿಪಟೂರಿನ ತನಕ ಬಿಚ್ಚಲಿಲ್ಲ. ಸೂರ್ಯ ಕೊನೆಯ ಸೀಟಿನಲ್ಲಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ. ಅವನ ಪಕ್ಕದ ಸೀಟು ಖಾಲಿ ಇತ್ತು, ಯಾರೂ ಹೋಗಿ ಕೂರಲಿಲ್ಲ. ನಾನೂ.

ನಮ್ಮಪ್ಪ ಬಸವರಾಜಪ್ಪ ಅದೇ ಕಾಲೇಜಿನಲ್ಲಿ ಓದಿದವರು. "ಬುಡು ಮಗ, ಆಟ ಅಂದ್ಮೇಲೆ ಇದ್ದದ್ದೇ" ಎಂದರು. ಹಾಗಂದವರು ಊಟದ ತಟ್ಟೆ ಸರಿಸಿ ತೋಟಕ್ಕೆ ಹೋದರು. ಮಾರನೆಯ ದಿನ ನಮ್ಮ ಗ್ರೂಪಿಗೆ ವಿಡಿಯೋ ಬಂತು. ಕೊನೆಯ ರೈಡ್, ಸ್ಲೋ ಮೋಷನ್ನಿನಲ್ಲಿ. ಕೆಳಗೆ ಒಂದರ ಹಿಂದೆ ಒಂದು ಮೆಸೇಜು: "ಐದು ಜನ ಇರೋವಾಗ ಯಾವ ದಡ್ಡ ಬೋನಸ್‌ಗೆ ಹೋಗ್ತಾನ್ಲಾ?" "ದುಡ್ಡು ತಿಂದವ್ನೆ ಕಣ್ಲಾ."

ಗದ್ದಲದಲ್ಲಿ ನನ್ನ ಕೂಗು ಸೂರ್ಯನಿಗೆ ಬಿಟ್ಟರೆ ಬೇರೆ ಯಾರಿಗೂ ಕೇಳಿರಲಿಲ್ಲ. ನಾನು ವಿಡಿಯೋವನ್ನು ನಿಲ್ಲಿಸಿ ಎಣಿಸಿದೆ. ಅಂಕಣದೊಳಗೆ ಐದು. ಅವರ ಹಿಂದೆ, ಕೊನೆಯ ಗೆರೆಯಿಂದ ಆಚೆ, ಒಂದು ಹಸಿರು ಜೆರ್ಸಿ. ದೊಡ್ಡದು ಮಾಡಿ ನೋಡಿದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಆಟದ ಕಡೆ ಅಲ್ಲ, ನೇರ ನನ್ನ ಕಡೆ ನೋಡುತ್ತಾ ನಿಂತಿದ್ದ ತಿಮ್ಮರಾಜು.

ಎರಡು ಸಾವಿರ ಕಾಯಿಗೆ ಒಂದೂ ತಪ್ಪದವಳು ಅವನೊಬ್ಬನನ್ನು ಸೇರಿಸಿ ಎಣಿಸಿದ್ದೆ.

ಆಪೋಸಿಟ್ ಪಾರ್ಟಿಯ ಮೆಸೇಜುಗಳು ಬರುತ್ತಲೇ ಇದ್ದವು. "ಸಾರಿ." "ಊಟ ಆಯ್ತಾ?" "ಒಂದು ಸಲ ಬೈದಾದ್ರೂ ಬೈರಿ." ಓದಿ ಓದಿ ಸುಮ್ಮನಾದೆ. ಅವನ ಮೇಲೆ ಸಿಟ್ಟಿರಲಿಲ್ಲ. ಅವನ ಹೆಸರು ಕಂಡ ಕೂಡಲೇ ಎದೆ ಅರಳುತ್ತಿತ್ತು, ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಗುತ್ತಿತ್ತು. ಸೂರ್ಯ ಕಾಲೇಜಿಗೆ ಬರುವುದನ್ನು ನಿಲ್ಲಿಸಿದ್ದ. ಆ ದಿನ ಯೂನಿವರ್ಸಿಟಿ ತಂಡಕ್ಕೆ ಆರಿಸುವವರು ಬಂದು ನೋಡಿದ್ದರಂತೆ. ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕಂದಿಕೆರೆಗೆ ಹೋದೆ.

ಅವನು ಮನೆಯ ಮುಂದೆ, ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಚುಚ್ಚಿ ಸಿಪ್ಪೆ ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ಅಂಗೈ ಒರೆಸಿಕೊಂಡ.

"ಸೂರ್ಯ, ಅವತ್ತು ಬೋನಸ್ ಅಂತ ಕೂಗಿದ್ದು ನಾನು."

"ಗೊತ್ತು ಅಕ್ಕ. ನಿಮ್ಮ ಗಂಟ್ಲು ನಂಗೆ ಗೊತ್ತಾಗಲ್ವಾ?"

"ಇದ್ದಿದ್ದು ಐದೇ ಜನ."

"ಅದೂ ಗೊತ್ತಿತ್ತು." ಇನ್ನೊಂದು ಕಾಯಿ ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸಿದ. "ನಾನೂ ಎಣಿಸಿದ್ದೆ. ಐದು ಅಂತ್ಲೇ ಬಂತು. ಆದ್ರೆ ನೀವು ಬೋನಸ್ ಅಂದ್ರಲ್ಲ, ನಾನೇ ತಪ್ಪು ಎಣಿಸಿರ್ಬೇಕು ಅನ್ಕೊಂಡೆ."

ನಾನು ಕಾಯಿರಾಶಿಯ ಪಕ್ಕದಲ್ಲೇ ಕೂತುಬಿಟ್ಟೆ.

"ಎಲ್ಲ ನಿನ್ನ ಬೈತಾವ್ರೆ. ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಬುಡಿ ಅಕ್ಕ. ಕಾಲು ನಂದು ತಾನೆ?"

"ಮತ್ತೆ ಆಡ್ತೀಯ?"

"ನೋಡ್ಬೇಕು. ಈಗ ಯಾರಾದ್ರೂ ಜೋರಾಗಿ ಕೂಗಿದ್ರೆ ಮೊಣಕಾಲು ನಡುಗ್ತದೆ." ಕೈಲಿದ್ದ ಕಾಯಿಯನ್ನು ಹಾರೆಗೆ ಚುಚ್ಚಿ ಕೇಳಿದ: "ಆದ್ರೆ ಅಕ್ಕ, ನಿಮಗೆ ಕಂಡ ಆರನೇವ್ನು ಯಾರು?"

ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ. ಅವನ ಅಮ್ಮ ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೇ ಇಟ್ಟು ಹೊರಟೆ.

ವಾಪಸ್ ಬರುವ ಬಸ್ಸಿನಲ್ಲಿ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ತಪ್ಪು ಎಣಿಸಿದ್ದು ನಾನು, ಸೂರ್ಯನನ್ನು ಬೈದವರೆಲ್ಲ ಇನ್ನು ನನ್ನನ್ನು ಬೈಯಿರಿ ಎಂದೆ. ಎಲ್ಲರೂ ಕೇಳಿದರು. ಯಾರೂ ಏನೂ ಬರೆಯಲಿಲ್ಲ. ಆಮೇಲೆ ಆಪೋಸಿಟ್ ಪಾರ್ಟಿಗೆ ಒಂದು ಸಾಲು ಬರೆದೆ: "ಕೆ.ಬಿ. ಕ್ರಾಸಿಗೆ ಬನ್ನಿ."

ತಿಪಟೂರಿನ ಬಸ್ಸಿಗಾಗಿ ನಾನು ಅಲ್ಲಿ ಇಳಿಯುವ ಹೊತ್ತಿಗೆ ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆಯ ಚೀಲ. ಹತ್ತೊಂಬತ್ತು ದಿನಕ್ಕೆ ಸೊರಗಿದ್ದ. ನಕ್ಕ. ಆ ನಗು ನೋಡಿ ನಾನು ಹೇಳಬೇಕೆಂದುಕೊಂಡ ಅರ್ಧ ಮಾತು ಮರೆತೇಹೋಯಿತು.

"ನಿಮ್ಮ ಹಾರ" ಎಂದು ಚೀಲ ಚಾಚಿದ. "ನಮ್ಮವ್ವ ಚಟ್ನಿಗೆ ಅಂತ ಒಂದು ಗಿಟುಕು ಕಿತ್ತುಬುಟ್ರು. ಮಿಕ್ಕಿದ್ದು ಇಪ್ಪತ್ತು ಅವೆ. ಎಣಿಸ್ಕೊಳ್ಳಿ."

"ನಾನಿನ್ನು ಏನನ್ನೂ ಎಣಿಸಲ್ಲ" ಎಂದೆ. ಎಂದವಳೇ ಎಲ್ಲ ಹೇಳಿದೆ. ಐದು ಜನ, ಆರನೆಯವನು, ಸೂರ್ಯನ ಮೊಣಕಾಲು. ಹೇಳುವಾಗ ಅವನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದೆ.

ಅವನು ಮೆಲ್ಲಗೆ ಹೇಳಿದ: "ನಾನು ಯಾವಾಗ್ಲೂ ತಮಟೆಯವರ ಜೊತೆ ಸೈಡಲ್ಲೇ ಇರೋನು. ಕೊನೇ ರೈಡಿಗೆ ಬೇಕು ಅಂತ್ಲೇ ಹಿಂದಕ್ಕೆ ಬಂದು ನಿಂತೆ. ನೀವು ಎಣಿಸೋವಾಗ ಆ ಕಡೆ ನೋಡ್ತೀರಲ್ಲ. ಅಲ್ಲಿದ್ರೆ ನಾನೂ ಕಾಣ್ತೀನಿ ಅಂತ."

ಇಬ್ಬರಿಗೂ ಅಳು ಬಂತು. ರಸ್ತೆಯ ಪಕ್ಕದಲ್ಲಿ, ಕಡಲೆಕಾಯಿ ಮಾರುವವನ ಎದುರಿಗೆ.

"ಗೆದ್ರೆ ಒಂದು ಕೇಳ್ತೀನಿ ಅಂದಿದ್ದೆ" ಎಂದ. "ಇನ್ನೂ ಕೇಳಿಲ್ಲ."

"ಕೇಳ್ಬೇಡಿ."

"ಯಾಕೆ? ಇಷ್ಟ ಇಲ್ವಾ?"

"ಕೇಳಿದ್ರೆ ಹೂಂ ಅಂದ್ಬಿಡ್ತೀನಿ. ಇಲ್ಲ ಅನ್ನಂಗಿಲ್ಲ ಅಂತ ಮಾತಾಗಿದೆಯಲ್ಲ. ಅದಕ್ಕೇ ಕೇಳ್ಬೇಡಿ ಕಣ್ರೀ." ಮೊದಲ ಸಲ ಅವನ ಕೈ ಹಿಡಿದೆ. "ನಿಮ್ಮನ್ನ ನೋಡ್ದಾಗೆಲ್ಲ ನಂಗೆ ಆ ಹುಡುಗನ ಕಾಲು ಕಾಣ್ತದೆ. ಅವನು ಅಲ್ಲಿ ಕಾಯಿ ಸುಲೀತಾ ಕೂತಿರೋವಾಗ ನಾನು ಇಲ್ಲಿ ನಿಮ್ಮ ಜೊತೆ ಖುಷಿಯಾಗಿರೋಕೆ ನನ್ನ ಕೈಲಾಗಲ್ಲ."

"ಅವನು ಮತ್ತೆ ಆಡಿದ್ರೆ?"

"ಆಗ ಕೇಳಿ."

"ಆಡದೇ ಹೋದ್ರೆ?"

ತಿಪಟೂರಿನ ಬಸ್ಸು ಬಂತು. ಹಾರದ ಚೀಲವನ್ನು ಅವನ ಕೈಗೇ ಕೊಟ್ಟೆ. "ಗೆದ್ದೋರ್ದು, ಗೆದ್ದೋರ ಹತ್ರಾನೇ ಇರ್ಲಿ" ಎಂದು ಹತ್ತಿದೆ. ಅವನು ಕರೆಯಲಿಲ್ಲ. ಕರೆದಿದ್ದರೆ ಇಳಿದುಬಿಡುತ್ತಿದ್ದೆ, ಅದು ಅವನಿಗೂ ಗೊತ್ತಿತ್ತು.

ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಾಗ ಸ್ಟಾಪಿನಲ್ಲಿ ನಿಂತವರನ್ನು ನನಗೇ ಗೊತ್ತಿಲ್ಲದೆ ಎಣಿಸತೊಡಗಿದ್ದೆ. ಕಡಲೆಕಾಯಿಯವನು, ಕೊಡೆ ಹಿಡಿದ ಅಜ್ಜಿ, ಶಾಲೆಯ ಹುಡುಗಿಯರಿಬ್ಬರು, ಬೈಕು ಒರೆಸುವವನು. ಐದು.

ಅವರ ಹಿಂದೆ ಚೀಲವನ್ನು ಎದೆಗೆ ಅವಚಿಕೊಂಡು ಒಬ್ಬ ನಿಂತು ನನ್ನ ಕಡೆಯೇ ನೋಡುತ್ತಿದ್ದ. ಅವನನ್ನು ಬಿಟ್ಟು ಇನ್ನೊಮ್ಮೆ ಎಣಿಸಿದೆ. ಐದೇ. ಈ ಸಲ ಲೆಕ್ಕ ತಪ್ಪಲಿಲ್ಲ.