ಡಾಲ್ಫಿನ್ ಕೂಗನ್ನು ಇಳಿಸಿಕೊಂಡವರು ಯಾರು?

ಇಂಟರ್ನೆಟ್ಟಿನಲ್ಲಿ ಹಾಡು ಹಂಚಿದವರ ಮೇಲೆ ಹಾಡಿನ ಕಂಪನಿಗಳು ಕೇಸು ಹಾಕಿವೆ ಎಂಬ ಸುದ್ದಿ ಬಂದದ್ದು 2003ರ ಸೆಪ್ಟೆಂಬರಿನ ಒಂದು ಸೋಮವಾರ ಸಂಜೆ. ತಮಾಷೆ ಶುರುವಾದದ್ದು ಮಂಗಳವಾರ ಬೆಳಿಗ್ಗೆ, ಸ್ಕೂಲ್ ಬಸ್ಸಿನಲ್ಲಿ. ಕೊರಿನ್‌ಳ ಚಿಂತೆ ಶುರುವಾದದ್ದು ಅದೇ ಬಸ್ಸು ಶಾಲೆ ತಲುಪುವ ಮೊದಲು.

"ಯಾರೂ ಹಾಡು ಗುನುಗಬೇಡಿ ಮಕ್ಕಳೇ," ಎನ್ನುತ್ತ ಡ್ರೈವರ್ ಮಿಸ್ ಓಪಲ್ ರೇಡಿಯೊ ಆರಿಸಿದರು. "ಹಾಡಿನ ಕಂಪನಿಯೋರು ಇಡೀ ಬಸ್ಸಿನ ಮೇಲೆ ಕೇಸ್ ಹಾಕಿದ್ರೆ ನಾನು ಟೈರ್ ಮಾರಿ ದುಡ್ಡು ಕಟ್ಬೇಕಾಗತ್ತೆ."

ಮಕ್ಕಳೆಲ್ಲ ನಕ್ಕರು. ಮಿಸ್ ಓಪಲ್ ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ಅವರ ಮುಖ ದಿನವೂ ಇರುವ ಹಾಗೇ ಇತ್ತು.

ಕೊರಿನ್‌ಗೆ ತೊಂದರೆಯಾಗುತ್ತಿದ್ದದ್ದು ಅಲ್ಲೇ. ಅಮೆರಿಕದ ಸರೋವರದ ದಡದ ಈರಿ ಊರಿನಲ್ಲಿ ತಮಾಷೆ ಮಾಡುವವರು ತಾವು ನಗುವುದಿಲ್ಲ. ಕೇಳುವವರೇ ಯಾವುದು ನಿಜ, ಯಾವುದು ತಮಾಷೆ ಎಂದು ಬೇರ್ಪಡಿಸಿಕೊಳ್ಳಬೇಕು. ಐದನೆಯ ಗ್ರೇಡಿನ ಕೊರಿನ್ ಡುಡೆಕ್‌ಗೆ ಇದಕ್ಕೆ ಬೇರೆ ಮಕ್ಕಳಿಗಿಂತ ಹೆಚ್ಚು ಸಮಯ ಬೇಕಾಗುತ್ತಿತ್ತು.

"ನ್ಯೂಯಾರ್ಕಲ್ಲಿ ಹನ್ನೆರಡು ವರ್ಷದ ಹುಡುಗಿ ಮೇಲೂ ಕೇಸ್ ಹಾಕಿದಾರೆ, ಗೊತ್ತಾ?" ಎಂದು ಮರುದಿನ ಪಕ್ಕದ ಸೀಟಿನ ಟ್ರೆವರ್ ಹೇಳಿದ. "ಹಾಡು ಡೌನ್‌ಲೋಡ್ ಮಾಡಿದ್ಲಂತೆ."

ಇದು ಖಂಡಿತ ತಮಾಷೆ ಎಂದು ಕೊರಿನ್ ತೀರ್ಮಾನಿಸಿದಳು. ಸಂಜೆ ಟಿವಿಯಲ್ಲಿ ಟೈ ಕಟ್ಟಿಕೊಂಡ ಒಬ್ಬರು ಅದನ್ನೇ ಓದಿದರು. ಒಂದು ಹಾಡಿಗೆ ಒಂದೂವರೆ ಲಕ್ಷ ಡಾಲರ್‌ವರೆಗೂ ದಂಡ ಬೀಳಬಹುದು ಎಂದೂ ಹೇಳಿದರು. ನಿಜವೇ ತಮಾಷೆಗಿಂತ ನಂಬಲಾಗದಂತಿತ್ತು. ಹಾಗಾದರೆ ಬಸ್ಸಿನ ಟೈರಿನ ಮಾತನ್ನು ಯಾವ ಕಡೆಗೆ ಸೇರಿಸುವುದು?

ಬೇಸಿಗೆ ರಜೆಯಲ್ಲಿ ಕಸಿನ್ ಜೆನಾ ಬಂದು ಮನೆಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಹಾಕಿಕೊಟ್ಟು ಹೋಗಿದ್ದಳು. ಹಾಡಿನ ಹೆಸರು ಬರೆದರೆ ಸಾಕು, ಹಾಡು ಬಂದು ಬೀಳುತ್ತಿತ್ತು. ಕೊರಿನ್ ರಜೆಯುದ್ದಕ್ಕೂ ಹಾಡುಗಳನ್ನು ಇಳಿಸಿಕೊಂಡಿದ್ದಳು. ಇಳಿಸಿಕೊಂಡದ್ದನ್ನೆಲ್ಲ ಆ ಪ್ರೋಗ್ರಾಂ ಊರೂರಿನವರಿಗೆ ತಾನಾಗಿಯೇ ಹಂಚುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕಂಪನಿಗಳು ಕೇಸು ಹಾಕುತ್ತಿದ್ದದ್ದು ಹೀಗೆ ಹಂಚಿದವರ ಮೇಲೆ. ಇಂಟರ್ನೆಟ್ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರ ಮೇಲೆ.

ಬಿಲ್ಲು ಅಪ್ಪನ ಹೆಸರಿನಲ್ಲಿತ್ತು.

ಅವಳು ಎಲ್ಲ ಹಾಡುಗಳನ್ನೂ ಅಳಿಸಿದಳು, ಪ್ರೋಗ್ರಾಂ ಅನ್ನೂ ತೆಗೆದುಹಾಕಿದಳು. ಅಳಿಸಿದರೂ ಕಂಪನಿಯವರಿಗೆ ಗೊತ್ತಾಗುತ್ತದೆ ಎಂದು ಟ್ರೆವರ್ ಹೇಳಿದ. ಅವನ ಮುಖದಲ್ಲೂ ನಗು ಇರಲಿಲ್ಲ.

ಅಪ್ಪನಿಗೆ ಹೇಳಿಬಿಡೋಣ ಎಂದು ಅವಳು ನಿಶ್ಚಯಿಸಿದಳು. ಅಪ್ಪ ರೇ ಡುಡೆಕ್ ಮನೆ ಮನೆಗೆ ಹೋಗಿ ಚಳಿಗಾಲದಲ್ಲಿ ಮನೆ ಬಿಸಿಮಾಡುವ ಫರ್ನೇಸ್ ರಿಪೇರಿ ಮಾಡುತ್ತಿದ್ದ. ಚಳಿ ಹತ್ತಿರವಾದಂತೆ ಕೆಲಸ ಹೆಚ್ಚುತ್ತಿತ್ತು. ರಾತ್ರಿ ಊಟದ ಹೊತ್ತಿಗಷ್ಟೇ ಮನೆಗೆ ಬರುತ್ತಿದ್ದ.

"ಅಪ್ಪಾ, ಹಾಡು ಡೌನ್‌ಲೋಡ್ ಮಾಡಿದೋರನ್ನ ಜೈಲಿಗೆ ಹಾಕ್ತಾರಾ?"

ಅಪ್ಪ ಆಲೂಗಡ್ಡೆಗೆ ಬೆಣ್ಣೆ ಸವರುತ್ತಿದ್ದವನು ತಲೆ ಎತ್ತಲಿಲ್ಲ. "ಹಾಕ್ತಾರೆ ಪುಟ್ಟಿ. ಒಳಗೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅಕಾರ್ಡಿಯನ್ ಕೇಳಿಸ್ತಾರೆ. ನಿಮ್ಮಜ್ಜಿ ನುಡಿಸ್ತಾರಲ್ಲ, ಅದು."

"ರೇ, ನಮ್ಮಮ್ಮನ ಸುದ್ದಿ ಬೇಡ," ಎಂದಳು ಅಮ್ಮ.

"ಮತ್ತೆ ಸ್ನಾನ ಮಾಡ್ವಾಗ ಹಾಡ್ಬೇಡ. ಡ್ರೈನ್ ಪೈಪಲ್ಲಿ ಮೈಕ್ ಇಟ್ಟಿದಾರಂತೆ. ನಾನು ಪೈಪ್ ಕೆಲಸ ಮಾಡೋನು, ನಂಗೆ ಗೊತ್ತಿರತ್ತೆ."

ಅಮ್ಮ ನಕ್ಕಳು. ಕೊರಿನ್ ಹೇಳಬೇಕೆಂದಿದ್ದ ಮಾತು ಒಳಗೇ ಉಳಿಯಿತು. ಆ ರಾತ್ರಿ ಅವಳು ಹಾಡದೆ ಸ್ನಾನ ಮಾಡಿದಳು. ಪೈಪಿನ ಮಾತು ತಮಾಷೆ ಎಂದು ಅವಳಿಗೆ ಬಹುಮಟ್ಟಿಗೆ ಖಚಿತವಿತ್ತು. ಪೂರ್ತಿ ಖಚಿತವಿರಲಿಲ್ಲ.

ಅನಂತರ ಅಪ್ಪ ದಿನಕ್ಕೊಂದು ಹೊಸದನ್ನು ಹೇಳತೊಡಗಿದ. ಅಂಚೆಯವರು ಬಂದರೆ, "ನಾವು ಪೋಲೆಂಡಿಗೆ ಹೋಗಿದೀವಿ ಅನ್ನು," ಎನ್ನುತ್ತಿದ್ದ. ಫೋನ್ ಸದ್ದಾದರೆ, "ಎತ್ತು ಪುಟ್ಟಿ. ಲಾಯರಾದ್ರೆ ನಾಯಿ ಥರ ಬೊಗಳು," ಎನ್ನುತ್ತಿದ್ದ. ಅಪ್ಪನಿಗೆ ಇದೆಲ್ಲ ಇಷ್ಟು ಹಗುರವಾಗಿದೆಯಲ್ಲ ಎಂದು ಕೊರಿನ್‌ಗೆ ಗೊಂದಲ. ನಿಜ ತಿಳಿದಾಗ ಅವನ ಮುಖ ಹೇಗಾಗುತ್ತದೋ ಎಂದು ಅವಳು ಯೋಚಿಸುತ್ತಿದ್ದಳು. ಆ ಯೋಚನೆ ಬಂದಾಗಲೆಲ್ಲ ಇನ್ನೂ ಒಂದು ದಿನ ಸುಮ್ಮನಿದ್ದುಬಿಡುತ್ತಿದ್ದಳು.

ಹೀಗೆ ಅಕ್ಟೋಬರ್ ಕೊನೆಯಾಯಿತು. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಕ್ಯಾಂಡಿ ಕೇಳುವ ಹ್ಯಾಲೋವೀನ್ ಹಬ್ಬ ಶುಕ್ರವಾರ ಬಂತು. ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ. ಕೊರಿನ್‌ಗೆ ನೆಗಡಿ, ಆದ್ದರಿಂದ ಬೀದಿ ಸುತ್ತುವ ಬದಲು ಬಾಗಿಲ ಬಳಿ ಕುಳಿತು ಕ್ಯಾಂಡಿ ಹಂಚುವ ಕೆಲಸ. ತಲೆಗೆ ಜೇನುಹುಳುವಿನ ಮೀಸೆ ಕಟ್ಟಿಕೊಂಡಿದ್ದಳು. ಇಬ್ಬರು ಮಾಟಗಾತಿಯರು ಬಂದು ಹೋದರು. ಒಂದು ಕುಂಬಳಕಾಯಿ ಬಂತು; ಅದನ್ನು ಅದರ ಅಮ್ಮ ಎತ್ತಿಕೊಂಡಿದ್ದಳು.

ಮತ್ತೆ ಬೆಲ್ ಸದ್ದಾಯಿತು. ಕೊರಿನ್ ಬುಟ್ಟಿ ಹಿಡಿದು ಬಾಗಿಲು ತೆರೆದಳು.

ಹೊರಗೆ ಒಬ್ಬರು ದೊಡ್ಡವರು ನಿಂತಿದ್ದರು. ಕಪ್ಪು ಸೂಟು, ಬೂದು ಟೈ, ನುಣ್ಣಗೆ ಬೋಳಿಸಿದ ಗಲ್ಲ. ಒಂದು ಕೈಯಲ್ಲಿ ಬ್ರೀಫ್‌ಕೇಸ್, ಇನ್ನೊಂದರಲ್ಲಿ ಮಡಚಿದ ಕಾಗದ. ಜೊತೆಯಲ್ಲಿ ಮಕ್ಕಳಿರಲಿಲ್ಲ.

"ಡುಡೆಕ್ ಅವರ ಮನೆ ಇದೇನಾ?"

ಕೊರಿನ್ ತಲೆಯಾಡಿಸಿದಳು. ಜೇನುಹುಳುವಿನ ಮೀಸೆಯೂ ಆಡಿತು.

"ನಾನು ಹಾಡಿನ ಕಂಪನಿಗಳ ಪರವಾಗಿ ಬಂದಿದೀನಿ. ಈ ಮನೆ ಕಂಪ್ಯೂಟರಿಂದ ಹಾಡು ಕದ್ದೋರು ಯಾರು?"

ಅವಳಿಗೆ ಬುಟ್ಟಿ ಭಾರವೆನಿಸಿತು. 'ನಾನು' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಪ್ಪ ಬಂದ. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಇತ್ತು. ಅವನು ಕೊರಿನ್‌ಳ ಭುಜ ಹಿಡಿದು ಅವಳನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದ.

"ನಾನು," ಎಂದ. "ಕಂಪ್ಯೂಟರ್ ನಂದು. ಎಲ್ಲಾ ನಾನೇ ಡೌನ್‌ಲೋಡ್ ಮಾಡಿದ್ದು. ಮಗೂಗೆ ಇದ್ಯಾವ್ದೂ ಗೊತ್ತಿಲ್ಲ ಸರ್."

ಸೂಟಿನವರು ಕಾಗದ ಬಿಡಿಸಿದರು. "ಯಾವ್ಯಾವ ಹಾಡು?"

"ಆ ಹುಡುಗರು ಗುಂಪಾಗಿ ಕುಣೀತಾರಲ್ಲ, ಅವರ ಹಾಡುಗಳು. ಆಮೇಲೆ ಆ ಪಿಂಕ್ ಕೂದಲಿನ ಹುಡುಗೀದು. ಕುದುರೆ ಸಿನಿಮಾದ ಹಾಡು." ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ. "ಮತ್ತೆ ಡಾಲ್ಫಿನ್ ಕೂಗೋದು. ಅರ್ಧ ಗಂಟೆ ಬರತ್ತೆ, ಅದು."

ಸೂಟಿನವರ ತುಟಿ ನಡುಗಿತು. ಮರುಗಳಿಗೆಯಲ್ಲಿ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದರು.

"ಡಾಲ್ಫಿನ್ನಾ? ಅಯ್ಯೋ ರೇ, ನಾನಯ್ಯಾ, ಕಾರ್ಲೊ. ಈ ಬೀದಿಲೆಲ್ಲ ನಿಂದೇ ಒಳ್ಳೇ ಜೋಕು. ಮಿಕ್ಕೋರೆಲ್ಲ ಬರೀ ಬಾಗಿಲು ಹಾಕ್ಕೊಂಡ್ರು."

ಕೊರಿನ್ ಅಪ್ಪನ ಬೆನ್ನ ಹಿಂದಿನಿಂದ ಇಣುಕಿದಳು. ಎದುರುಮನೆಯ ಮಿಸ್ಟರ್ ಕಾರ್ಲೊ ಫನೆಲ್ಲಿ. ಸರೋವರದ ದಡದಲ್ಲಿ ಮೀನಿನ ಗಾಳ ಮಾರುವ ಅವರನ್ನು ಅವಳು ಹುಟ್ಟಿದಾಗಿನಿಂದ ಎದೆಯವರೆಗಿನ ಗಡ್ಡದೊಂದಿಗೇ ನೋಡಿದ್ದಳು.

ಅಪ್ಪ ಆ ಗಲ್ಲವನ್ನು ದಿಟ್ಟಿಸಿ ನೋಡಿದ. ಆಮೇಲೆ ನಕ್ಕ. "ಗಡ್ಡ ಎಲ್ಲಯ್ಯಾ?"

"ಸಿಂಕಲ್ಲಿದೆ. ನನ್ನ ಹೆಂಡತಿ ಇನ್ನೂ ಮಾತಾಡ್ತಿಲ್ಲ."

"ಮಾತಾಡದೇ ಇರೋದೇ ಒಳ್ಳೇದು. ಈ ಗಲ್ಲಾನ ಅವ್ಳು ಆವತ್ತೇ ನೋಡಿದ್ದಿದ್ರೆ ನಿನ್ನ ಮದುವೆ ಆಗ್ತಿರ್ಲಿಲ್ಲ."

ಫನೆಲ್ಲಿ ಬ್ರೀಫ್‌ಕೇಸ್ ತೆರೆದರು. ಅದರ ತುಂಬ ಚಾಕಲೇಟ್ ಇತ್ತು. ಕೊರಿನ್‌ಗೆ ಎರಡು ಕೊಟ್ಟರು. "ಹೆದರಿದ್ಯಾ ಮರಿ? ನಿಮ್ಮಪ್ಪನ್ನ ನೋಡಿ ಕಲಿ. ಎಷ್ಟು ಬೇಗ ನನ್ನ ಗುರುತು ಹಿಡಿದು ಜೋಕನ್ನ ನಂಗೇ ತಿರುಗಿಸಿಬಿಟ್ಟ ನೋಡು." ಡಾಲ್ಫಿನ್, ಡಾಲ್ಫಿನ್ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು.

ಅಪ್ಪ ಬಾಗಿಲು ಮುಚ್ಚಿದ. ಪಾತ್ರೆ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಂಡ. ಕೈ ಒಣಗಿತ್ತು, ಆದರೂ ಒರೆಸಿಕೊಂಡ.

"ಪಕ್ಕದ ಮನೆಗೂ ಹೋಗ್ತಾನೆ ನೋಡು ಅವನು," ಎಂದ. "ಅಲ್ಲಿ ನಾಯಿ ಇದೆ. ಅದಕ್ಕೆ ಲಾಯರ್ ಕಂಡ್ರೆ ಆಗಲ್ಲ."

ಕೊರಿನ್ ಬುಟ್ಟಿಯನ್ನು ಕೆಳಗಿಟ್ಟು ನಡೆದದ್ದನ್ನು ಮೊದಲಿನಿಂದ ಯೋಚಿಸಿದಳು. ಅಪ್ಪನಿಗೆ ಹಾಡು ಇಳಿಸಿಕೊಳ್ಳಲು ಬರುವುದಿಲ್ಲ. ಈಮೇಲ್ ತೆರೆಯಲೂ ಅವನು ಅವಳನ್ನೇ ಕರೆಯುತ್ತಾನೆ. ತಾನು ಇಳಿಸಿಕೊಂಡಿದ್ದ ಡಾಲ್ಫಿನ್ ಕೂಗನ್ನು ಅವಳು ಯಾರಿಗೂ ಕೇಳಿಸಿರಲಿಲ್ಲ. ಅದು ಕಂಪ್ಯೂಟರಿನಲ್ಲಿದ್ದ ಹಾಡುಗಳ ಪಟ್ಟಿಯ ಕೊನೆಯಲ್ಲಿತ್ತು. ಅದು ಅರ್ಧ ಗಂಟೆ ಬರುತ್ತದೆ ಎಂದು ತಿಳಿಯಬೇಕಾದರೆ, ಅವಳು ಅಳಿಸುವ ಮೊದಲೇ ಯಾರಾದರೂ ಅದನ್ನು ಕೊನೆಯವರೆಗೆ ಕೇಳಿರಬೇಕು. ಅಪ್ಪ ಹೇಗೋ ಅದನ್ನು ತೆರೆದು ಕೂತು ಕೇಳಿದ್ದ. ಜೈಲಿನ ಅಕಾರ್ಡಿಯನ್, ಪೈಪಿನ ಮೈಕು, ಪೋಲೆಂಡು ಎಲ್ಲವೂ ಆಮೇಲೆ ಬಂದವು. ಅಂದರೆ ಎಲ್ಲ ಗೊತ್ತಿದ್ದೇ ಅಪ್ಪ ಆ ತಮಾಷೆಗಳನ್ನು ಮಾಡಿದ್ದ.

"ಅಪ್ಪಾ," ಎಂದಳು.

"ಏನು ಪುಟ್ಟಿ?"

"ಏನಿಲ್ಲ."

ಮಿಸ್ಟರ್ ಫನೆಲ್ಲಿ ಸರಿಯಾಗಿ ತಿಳಿದುಕೊಂಡಿರಲಿಲ್ಲ. ಬಾಗಿಲಲ್ಲಿ ಅಪ್ಪ ಹೇಳಿದ್ದು ತಮಾಷೆಯಲ್ಲ.